ಮೂರನೇ ಕ್ಲಾಸಿನ ದಡಾರ

ಬೀದಿಗೊಂದೇ ಫೋನಿದ್ದ ಕಾಲ. ಅಜ್ಜಿ ಮನೆಯಿಂದ ಹಿಂದಿನ ದಿನವಷ್ಟೇ ಬಂದಿದ್ದ ಟೈಲರ್ ಮಗಳಿಗೆ ದಡಾರವೆಂದು ತಿಳಿದು ವಠಾರವೆಲ್ಲ ಹೆದರಿದರೆ, ಗ್ರಂಥಾಲಯದ ಗುಮಾಸ್ತರೊಬ್ಬರಿಗೆ ಮಾತ್ರ ಬಾಯಲ್ಲಿ ನೀರೂರಿತು.

ಅವರ ಪಾಲಿಗೆ ದಡಾರವೆಂದರೆ ಮೂರನೇ ಕ್ಲಾಸಿನ ಆ ಒಂಬತ್ತು ದಿನ. ಸ್ಕೂಲಿಲ್ಲ, ಮಗ್ಗಿಯಿಲ್ಲ. ಕಿಟಕಿಗೆ ಅಮ್ಮನ ಹಳೇ ಸೀರೆಯ ಪರದೆ, ತಲೆಗೆ ಅಮ್ಮನ ತೊಡೆ, ಮುಗಿಯದ ಕತೆಗಳು. ಮೂವತ್ತೈದು ವರ್ಷದಲ್ಲಿ ಅಂಥ ಸುಖ ಮತ್ತೆ ಸಿಕ್ಕಿರಲಿಲ್ಲ. ಈಗಂತೂ ಅರ್ಧ ದಿನ ರಜೆ ಕೇಳಿದರೂ ಸಾಹೇಬರು ಜಾತಕ ಜಾಲಾಡುತ್ತಿದ್ದರು.

ಮಗುವನ್ನು ನೋಡಿದ ನರ್ಸಮ್ಮ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದರು. "ಮೊದಲು ಜ್ವರ, ಕೆಮ್ಮು, ಕೆಂಗಣ್ಣು. ಆಮೇಲೆ ಮೈತುಂಬ ದದ್ದು. ಇದನ್ನ ಓಡಿಸೋ ಔಷಧಿ ಅಂತ ಇಲ್ಲ. ವಿಶ್ರಾಂತಿ ಬೇಕು, ನೀರು ಚೆನ್ನಾಗಿ ಕುಡಿಸ್ಬೇಕು, ವಿಟಮಿನ್ ಎ ನಾವು ಕೊಡ್ತೀವಿ. ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಕಾಯ್ಬೇಡಿ, ಆಸ್ಪತ್ರೆಗೆ ಬನ್ನಿ. ಸರಿ, ಮಗುನ ಮುಟ್ಟಿದೋರಲ್ಲಿ ಯಾರಿಗೆ ದಡಾರ ಬಂದಿಲ್ಲ, ಲಸಿಕೆನೂ ಆಗಿಲ್ಲ?"

"ನಂಗೆ," ಎಂದು ಗುಮಾಸ್ತರು ಹಸಿ ಸುಳ್ಳು ಹೇಳಿದರು. "ನಿನ್ನೆ ಎತ್ಕೊಂಡು ಆಡಿಸ್ಬಿಟ್ಟೆ."

ಮಹಡಿಯ ಪೋಸ್ಟ್‌ಮಾಸ್ಟರು ಕೇಳದವರಿಗೂ ಉಪಕಾರ ಮಾಡುವವರು. ಓಡಿಹೋಗಿ ಸಾಹೇಬರಿಗೆ ಫೋನ್ ಮಾಡಿ ಬಂದರು. "ಇವರನ್ನ ಸೇರಿಸಿದ್ರೆ ಆಫೀಸಿಗೆಲ್ಲ ಹಂಚ್ತಾರೆ ಅಂದೆ. ಎರಡು ವಾರ ರಜೆ ಕೊಟ್ರು."

ಗುಮಾಸ್ತರು ಮನಸ್ಸಿನಲ್ಲೇ ಹಾಸಿಗೆ ಬಿಡಿಸಿದರು.

"ರಜೆ ಯಾಕೆ ಸಾರ್? ಮೂರು ದಿನದೊಳಗೆ ಲಸಿಕೆ ಹಾಕಿದ್ರೆ ಬರದ ಹಾಗೆ ತಡೆಯುತ್ತೆ. ತೋಳು ಕೊಡಿ," ಎಂದು ನರ್ಸಮ್ಮ ಪೆಟ್ಟಿಗೆ ತೆರೆದರು.

ಸೂಜಿ ಕಂಡದ್ದೇ ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು. "ಬಂದಿತ್ತು ನರ್ಸಮ್ಮ. ಮೂರನೇ ಕ್ಲಾಸಲ್ಲಿ ಬಂದಿತ್ತು, ಮರೆತಿದ್ದೆ. ಬೇಕಾದ್ರೆ ಅಮ್ಮನ್ನ ಕೇಳಿ."

ರಜೆ ಬೇಡವೆಂದು ಸಾಹೇಬರಿಗೆ ತಿಳಿಸಲು ಪೋಸ್ಟ್‌ಮಾಸ್ಟರು ಮತ್ತೆ ಫೋನಿನ ಕಡೆ ಓಡಿದರು. ರಜೆ ಹೋದರೆ ಹಾಳಾಗಿ ಹೋಗಲಿ, ತೋಳು ಉಳಿಯಿತಲ್ಲ ಎಂದುಕೊಂಡರು ಗುಮಾಸ್ತರು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು. "ಅದು ದಡಾರ ಅಲ್ಲ ಕಣೋ. ಬೆವರುಸಾಲೆ. ಎರಡೇ ದಿನಕ್ಕೆ ಇಳಿದಿತ್ತು."

"ಮತ್ತೆ ಒಂಬತ್ತು ದಿನ ಮಲಗಿಸಿದ್ದು?"

"ನಿಮ್ಮಪ್ಪಂಗೆ ಆಗಷ್ಟೇ ವರ್ಗ ಆಗಿತ್ತು. ಹೊಸ ಮನೆ. ಮಾತಾಡ್ಸೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ನೀನೂ ಸ್ಕೂಲಿಗೆ ಹೋಗ್ಬಿಟ್ರೆ ನಾನು ಯಾರಿಗೆ ಕತೆ ಹೇಳ್ಲಿ?"

ಗುಮಾಸ್ತರ ಕಣ್ಣು ತುಂಬಿ ಬಂತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನರ್ಸಮ್ಮ ಚುಚ್ಚಿ ಮುಗಿಸಿದ್ದರು.

"ಇಷ್ಟು ಸಣ್ಣ ಸೂಜಿಗೆ ಯಾರಾದ್ರೂ ಅಳ್ತಾರಾ?" ಎನ್ನುತ್ತ ಪೋಸ್ಟ್‌ಮಾಸ್ಟರು ವಾಪಸಾದರು. "ಏಳಿ, ಏಳಿ. ಹತ್ತೂವರೆಗೆ ಕುರ್ಚಿಯಲ್ಲಿ ಇರ್ಬೇಕಂತೆ."