ಮುಂದೆ ಯಾವ ಕಂಪ್ಯೂಟರ್ ಕೋರ್ಸಿಗೆ ರೇಟು?

ಎರಡನೇ ಪಿಯುಸಿ ಫಲಿತಾಂಶ ಬಂತೆಂದರೆ ಎಚ್.ಡಿ. ಕೋಟೆಯಲ್ಲಿ ನಾನು ನೆಮ್ಮದಿಯಾಗಿ ಒಂದು ಕಟ್ಟು ಸೊಪ್ಪು ತರುವ ಹಾಗಿಲ್ಲ. ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡುವವಳು ಎಂದು ಊರಿಗೆಲ್ಲ ಗೊತ್ತು. ಸೊಪ್ಪಿನವಳು ಚಿಲ್ಲರೆ ಕೊಡದೆ ಕೈಯಲ್ಲೇ ಹಿಡಿದುಕೊಂಡು, "ಮೇಡಮ್ಮೋರೆ, ಬಿಸಿಎ ವಾಸಿನೋ ಬಿಎಸ್ಸಿ ವಾಸಿನೋ?" ಎನ್ನುತ್ತಾಳೆ. ಹೋದ ವರ್ಷ ಹಲ್ಲು ಕೀಳಿಸಲು ಹೋಗಿದ್ದೆ. ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ, "ನಮ್ಮ ಮಗನಿಗೆ ಎಐ ಕೊಡಿಸಿಬಿಡಲಾ?" ಎಂದರು. ನೋವಿಗೆ ನಾನು "ಊಂ" ಅಂದೆ. ಅದನ್ನೇ ಒಪ್ಪಿಗೆ ಅಂದುಕೊಂಡು ಮಾರನೇ ದಿನವೇ ಸೀಟು ಹಿಡಿದರು. ಹುಡುಗ ಚೆನ್ನಾಗಿಯೇ ಓದುತ್ತಿದ್ದಾನೆ, ಅದು ಬೇರೆ ಮಾತು.

ಈ ವರ್ಷ ಮಾತ್ರ ನನ್ನ ಕಣ್ಣೆಲ್ಲ ಒಬ್ಬಳ ಮೇಲಿತ್ತು. ಅಂತರಸಂತೆ ಹತ್ತಿರದ ಹಳ್ಳಿಯ ಹುಡುಗಿ. ಗಣಿತದಲ್ಲಿ ಅಂಥ ಚುರುಕು ತಲೆಯನ್ನು ನಾನು ಕಂಡಿರಲಿಲ್ಲ. ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಎಲ್ಲರೂ ಅದನ್ನೇ ಬರೆದುಕೊಳ್ಳುತ್ತಿದ್ದರು, ಇವಳೊಬ್ಬಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹುಣಸೂರಿನ ಕಾಲೇಜಿನಲ್ಲಿ ಬಿಎಸ್ಸಿ, ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಎರಡೂ ಇರುವ ಕೋರ್ಸು. ನನ್ನ ಅಭಿಪ್ರಾಯವೂ ಅದೇ. ಕೋರ್ಸಿನ ಹೆಸರು ವರ್ಷ ವರ್ಷ ಬದಲಾಗುತ್ತದೆ, ಗಣಿತ ಬದಲಾಗುವುದಿಲ್ಲ. ಆದರೆ ಅವಳಪ್ಪನದು ಒಂದೇ ಪ್ರಶ್ನೆ: ಓದು ಮುಗಿಸಿ ಈಚೆಗೆ ಬಂದಾಗ ಯಾವುದಕ್ಕೆ ಕೆಲಸ ಸಿಗುತ್ತದೆ? ಇದಕ್ಕೆ ಉತ್ತರ ಹುಡುಕಿಕೊಂಡು ಆತ ನಾಲ್ಕು ತಾಲ್ಲೂಕು ಸುತ್ತಿದ. ಉತ್ತರ ಸಿಗದಿದ್ದರೆ ಮಗಳಿಗೆ ಆ ಸೀಟಿಲ್ಲ.

೧. ಬಸ್ಸಿನ ತೀರ್ಮಾನ

ಒಂದು ದಿನ ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಹುಣಸೂರು ಬಸ್ಸು ಹತ್ತಿದೆ. ಅಪ್ಪ ಮಗಳು ಒಳಗೆ ಕೂತಿದ್ದರು, ಕಾಲೇಜು ನೋಡಿಕೊಂಡು ಬರಲು ಹೊರಟಿದ್ದರು. ನನ್ನನ್ನು ಕಂಡದ್ದೇ ತಡ, ಅಪ್ಪ ಎದ್ದು ಸೀಟು ಬಿಟ್ಟುಕೊಟ್ಟ. ಬಿಟ್ಟಿ ಸೀಟಲ್ಲ ಅದು ಎಂದು ನನಗೆ ಗೊತ್ತಿತ್ತು.

"ಮೇಡಮ್ಮೋರೆ, ಬಿಸಿಎ ಮಾಡುದ್ರೆ ಜಲ್ದಿ ಕೆಲ್ಸ ಸಿಕ್ತದಂತೆ, ನಿಜವಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಒಬ್ಬ, "ಎಲ್ಲಿ ಸಿಕ್ತದೆ? ನಮ್ ಭಾವಮೈದ ಮಾಡ್ಕಂಡು ಮನೇಲವ್ನೆ" ಎಂದ. "ನಿಮ್ ಭಾವಮೈದ ಏನ್ ಮಾಡುದ್ರೂ ಮನೇಲೇ ಇರ್ತಾನೆ ಬುಡು" ಎಂದ ಪಕ್ಕದವನು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾ ಸೈಬರ್ ಸೆಕ್ಯೂರಿಟಿಯ ಪರ ನಿಂತ. ಯಾಕೆಂದು ಕೇಳಿದರೆ, "ಸೆಕ್ಯೂರಿಟಿ ಕೆಲ್ಸಕ್ಕೆ ಯಾವತ್ತೂ ಜನ ಬೇಕು ಕಣ್ರೀ" ಎಂದ. ಕಂಡಕ್ಟರ್ ಟಿಕೆಟ್ ಕೊಡುವುದು ನಿಲ್ಲಿಸಿ, ಬಿಸಿಎ ಅನ್ನುವವರು ಕೈ ಎತ್ತಿ, ಬಿಎಸ್ಸಿ ಅನ್ನುವವರು ಕೈ ಎತ್ತಿ ಎಂದು ಓಟಿಗೆ ಹಾಕಿದ. ಬಿಇ ಅನ್ನುವವರ ಕೈ ಎಣಿಸುತ್ತಿದ್ದಾಗ ಇಬ್ಬರು ಇಳಿಯುವ ಸ್ಟಾಪು ಹಿಂದಕ್ಕೆ ಹೋಯಿತು. ಅವರು ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ.

ಮುಂದೆ ಕೂತಿದ್ದ ಒಬ್ಬ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲ ಕಣ್ರಪ್ಪಾ, ಓದೋ ಕೂಸು ಏನಂತದೆ?" ಎಂದಳು.

ಬಸ್ಸೆಲ್ಲ ಹುಡುಗಿಯ ಕಡೆ ತಿರುಗಿತು. ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿ, "ಅಜ್ಜೀ, ಅವ್ಳಿನ್ನೂ ಚಿಕ್ಕೋಳು. ಅವ್ಳ ಓಟು ಲೆಕ್ಕಕ್ಕಿಲ್ಲ" ಎಂದ.

೨. ದೊಡ್ಡ ಚೀಟಿ

ಮುಂದಿನ ವಾರ ಅಪ್ಪನ ಜೊತೆ ಹುಡುಗಿಯ ಸೋದರಮಾವ ನಮ್ಮ ಸ್ಟಾಫ್ ರೂಮಿಗೆ ಬಂದರು. ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಗಾರರು. ಹೊಗೆಸೊಪ್ಪು ಮುಟ್ಟಿ ನೋಡಿ, ಕಣ್ಣು ಮುಚ್ಚಿಕೊಂಡೇ ಗ್ರೇಡು ಹೇಳುವ ಆಸಾಮಿ. ಬಂದವರೇ ಮೇಜಿನ ಮೇಲೆ ಬಣ್ಣ ಬಣ್ಣದ ಹಾಳೆಯೊಂದನ್ನು ಹರಡಿದರು. ಯಾವುದೋ ಕಾಲೇಜಿನ ಜಾಹೀರಾತು.

"ನೋಡಿ ಮೇಡಮ್ಮೋರೆ. ಬಿಇ, ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅಂಡ್ ಮೆಷಿನ್ ಲರ್ನಿಂಗ್. ಓದಕ್ಕೇ ಎರಡು ಸಾಲು ಬೇಕು. ನಿಮ್ ಬಿಎಸ್ಸಿ ಏನು, ಬಾಯಿ ತೆಗ್ಯೋದ್ರೊಳ್ಗೆ ಮುಗ್ದೋಯ್ತದೆ."

ನನಗೆ ರೇಗಿತು. ಪಾಠ ಮಾಡುವವಳ ಹತ್ತಿರ ಹೆಸರಿನ ಉದ್ದ ಅಳೆಯುವುದೇ? ಅವರನ್ನು ಕೂರಿಸಿ, ಬಿಇ ಕಂಪ್ಯೂಟರ್ ಸೈನ್ಸು, ಬಿಇ ಎಐ, ಬಿಇ ಡೇಟಾ ಸೈನ್ಸು ಎಲ್ಲದರ ಪಾಠಪಟ್ಟಿ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಮೊದಲ ವರ್ಷ ಹೆಚ್ಚುಕಮ್ಮಿ ಒಂದೇ. ಮುಂದೆಯೂ ಮುಕ್ಕಾಲು ಪಾಲು ಒಂದೇ. ಕೊನೆಗೆ ನಾಲ್ಕಾರು ವಿಷಯ ಬೇರೆ, ಅಷ್ಟೇ. ಬಿಎಸ್ಸಿಯಲ್ಲಿ ಗಣಿತ ಗಟ್ಟಿ ಮಾಡಿಕೊಂಡು ಆಮೇಲೆ ಎಂಸಿಎ, ಎಂಎಸ್ಸಿ ಯಾವ ಕಡೆಗಾದರೂ ತಿರುಗಬಹುದು ಎಂದೂ ಹೇಳಿದೆ. ನಾನು ಇಷ್ಟು ಚೆನ್ನಾಗಿ ಕ್ಲಾಸಿನಲ್ಲೂ ಪಾಠ ಮಾಡಿರಲಿಲ್ಲ.

ಮಾವ ಪಾಠಪಟ್ಟಿಗಳನ್ನು ಒಂದೊಂದಾಗಿ ಸೊಪ್ಪಿನ ಹಾಗೆ ಮುಟ್ಟಿ ನೋಡಿದರು. ಆಮೇಲೆ ಮುಖ ಅರಳಿತು.

"ಈಗ ತಿಳೀತು. ಎಲ್ಲಾ ಒಂದೇ ಬ್ಯಾರನ್ ಗೂಡಲ್ಲಿ ಬೆಂದ ಸೊಪ್ಪು. ಮೂಟೆಗೆ ಹಚ್ಚಿರೋ ಚೀಟಿ ಮಾತ್ರ ಬ್ಯಾರೆ ಬ್ಯಾರೆ. ಅಂಗೇ ತಾನೆ?"

"ಅಬ್ಬ! ಅದೇ ಕಣ್ರೀ ಯಜಮಾನರೇ, ಸರಿಯಾಗಿ ಹೇಳಿದಿರಿ" ಎಂದು ನಾನು ಕುರ್ಚಿಗೆ ಒರಗಿದೆ.

ಮಾವ ಹಾಳೆ ಮಡಚಿ ಜೇಬಿಗಿಟ್ಟು ಎದ್ದರು. "ಎಲ್ಲಾ ಒಂದೇ ಅಂದ್ಮೇಲೆ, ದೊಡ್ಡ ಚೀಟಿದೇ ಇರ್ಲಿ ಬುಡಿ."

೩. ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ

ಅಪ್ಪ ಬಿಸಿಎ ಕಡೆ, ಮಾವ ಬಿಇ ಕಡೆ. ಮನೆಯಲ್ಲಿ ಜಗಳ ಹತ್ತಿತು. ಚುಂಚನಕಟ್ಟೆ ಕಡೆಯಲ್ಲಿ ಹುಡುಗಿಯ ಅಜ್ಜಿಯ ಮನೆ. ಅಜ್ಜಿ, "ನಿಮ್ ನಿಮ್ಮಲ್ಲೇ ಯಾಕ್ ಕಿತ್ತಾಡ್ತೀರಿ, ಮನೆದ್ಯಾವ್ರನ್ನೇ ಕೇಳಾವ" ಎಂದು ಎಲ್ಲರನ್ನೂ ಕರೆಸಿಕೊಂಡಳು. ಆ ಭಾನುವಾರ ನಾನು ಪಕ್ಕದ ಕೆ.ಆರ್. ನಗರದ ತವರಿನಲ್ಲಿದ್ದೆ. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದರು.

ನಾಲೆ ಪಕ್ಕದ ಸಣ್ಣ ಗುಡಿ. ಹೂ ಕೇಳುವ ಪದ್ಧತಿ ನಮ್ಮಲ್ಲೆಲ್ಲ ಇದ್ದದ್ದೇ. ದೇವರ ಮೈಮೇಲೆ ಹೂವು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಳ್ಳುವುದು. ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು. ಹೆಣ್ಣು ಗಂಡಿನ ವಿಷಯ, ಬೋರ್‌ವೆಲ್ ವಿಷಯ ಕೇಳಿ ಪೂಜಾರಪ್ಪನಿಗೆ ಅಭ್ಯಾಸ. ಈ ಕೇಸು ಹೊಸದು. "ಬಲಕ್ಕೆ ಬಿಇ, ಎಡಕ್ಕೆ ಬಿಸಿಎ" ಎಂದು ಎರಡು ಸಲ ಬಾಯಿಪಾಠ ಮಾಡಿಕೊಂಡು ಮಂಗಳಾರತಿ ಎತ್ತಿದ.

ಎಲ್ಲರೂ ಕೈಮುಗಿದು ನಿಂತೆವು. ಹೂವು ಅಲುಗಿತು, ಜಾರಿತು, ಸೀದಾ ದೇವರ ಪಾದದ ನಡುಮಧ್ಯೆ ಬಿತ್ತು.

ಪೂಜಾರಪ್ಪ ತಲೆ ಕೆರೆದುಕೊಂಡ. "ಇದ್ಯಾಕೋ ಎರಡೂ ಒಪ್ಪಂಗಿಲ್ವಲ್ಲ. ಮೂರ್ನೇದು ಯಾವ್ದಾರಾ ಐತಾ?"

"ಐತೆ. ಬಿಎಸ್ಸಿ!" ಹುಡುಗಿಯ ದನಿ ಗಂಟೆಗಿಂತ ಜೋರಾಗಿ ಬಂತು. ನನಗೆ ದೇವರ ಮೇಲೆ ಇಷ್ಟು ಭಕ್ತಿ ಯಾವತ್ತೂ ಬಂದಿರಲಿಲ್ಲ. ಸುಮ್ಮನೆ ಏಕೆ ಮುಚ್ಚಿಡಲಿ, ಕಣ್ಣಲ್ಲಿ ನೀರೇ ಬಂತು.

ಅಪ್ಪ ಮಾತ್ರ ಮಗಳನ್ನೇ ಅನುಮಾನದಿಂದ ನೋಡಿದ. "ಇವ್ಳೇ ಮೊದ್ಲೇ ಬಂದು ದ್ಯಾವ್ರಿಗೆ ಏಳ್ಕೊಟ್ಟವ್ಳೆ. ಇನ್ನೊಂದ್ಸಲ ಕೇಳಿ ಪೂಜಾರಪ್ನೋರೆ."

ಇನ್ನೊಂದು ಸಲ ಹೂವಿಟ್ಟರು. ಕಾದೆವು. ಅಜ್ಜಿ ಕೂತಳು. ಮಾವ ಹೊರಗೆ ಹೋಗಿ ಬೀಡಿ ಸೇದಿ ಬಂದರು. ಹೂವು ಮಿಸುಕಲಿಲ್ಲ.

ಪೂಜಾರಪ್ಪ ಆರತಿ ತಟ್ಟೆ ಕೆಳಗಿಟ್ಟ. "ದ್ಯಾವ್ರು ಏಳೋದು ಒಂದೇ ಸಲ ಕಣಪ್ಪ. ಎರಡ್ನೇ ಸಲ ಕೇಳೋರಿಗೆ ಇಲ್ಲಿ ಟ್ಯೂಷನ್ ಇಟ್ಟಿಲ್ಲ."

೪. ಸಾಲು

ಹುಡುಗಿಯ ಅಪ್ಪ ಶುಂಠಿ ಬೆಳೆಯುವವನು ಎಂದು ಹೇಳಲಿಲ್ಲ ಅಲ್ಲವೇ? ಅದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಶುಂಠಿಗೆ ಒಂದು ವರ್ಷ ಒಳ್ಳೆ ರೇಟು ಬಂದರೆ ಮುಂದಿನ ವರ್ಷ ಎಲ್ಲರೂ ಅದನ್ನೇ ಹಾಕುತ್ತಾರೆ, ಕೀಳುವ ಹೊತ್ತಿಗೆ ಕೇಳುವವರಿಲ್ಲ. ಆದ್ದರಿಂದ ಶುಂಠಿಯವರು ಬಿತ್ತನೆಗೆ ಮುಂಚೆ ಬೈಕು ಹತ್ತಿ ಸುತ್ತಮುತ್ತ ಯಾರು ಏನು ಹಾಕುತ್ತಾರೆ ಎಂದು ವಿಚಾರಿಸಿಕೊಂಡು ಬರುತ್ತಾರೆ. ಇವರನ್ನು ಯಾರಾದರೂ ಕೇಳಿದರೆ ಮಾತ್ರ, "ಅಯ್ಯೋ, ಈ ಸಲ ಶುಂಠಿ ಸಾವಾಸ ಬ್ಯಾಡ, ಜೋಳ ಹಾಕ್ತೀನಿ" ಎನ್ನುತ್ತಾರೆ. ಹೇಳಿದವನೂ ಹಾಕುವುದು ಶುಂಠಿಯನ್ನೇ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ವ್ಯವಸಾಯದ ಒಂದು ಕೆಲಸ ಎಂದೇ ಎಲ್ಲರ ಲೆಕ್ಕ.

ನಮ್ಮ ಈ ಅಪ್ಪ ಅದೇ ಬೈಕು ಹತ್ತಿ ಪಿಯುಸಿ ಪಾಸಾದ ಮಕ್ಕಳಿರುವ ಮನೆಗಳಿಗೆ ಹೊರಟ. ಹೋದಲ್ಲೆಲ್ಲ, "ಕಂಪ್ಯೂಟರ್ ಕಾಲ ಮುಗೀತು ಕಣ್ಲಾ. ಎಲ್ಲಾ ಕೆಲ್ಸಾನೂ ಎಐಯೇ ಮಾಡ್ಕತದಂತೆ. ನಮ್ಮುಡ್ಗಿಗೆ ಬಿಕಾಂ" ಎಂದು ಸಾರಿದ. ಅವರೂ "ನಮ್ದೂ ಬಿಕಾಂ", "ನಮ್ದು ನರ್ಸಿಂಗು" ಎಂದು ತಲೆಯಾಡಿಸಿದರು.

ಸಂಜೆ ನನಗೆ ಫೋನು ಬಂತು. ದನಿಯಲ್ಲಿ ಹಬ್ಬ. "ಮೇಡಮ್ಮೋರೆ, ಈ ವರ್ಸ ಕಂಪ್ಯೂಟರ್ ಯಾರೂ ಹಾಕ್ತಿಲ್ಲ! ನಮ್ದೊಂದೇಯಾ! ಬಂದಾಗ ಒಳ್ಳೆ ರೇಟು ಸಿಕ್ತದೆ. ನೀವಂದ ಬಿಎಸ್ಸೀನೇ ಆಗ್ಲಿ."

ದೇವರು ಹೇಳಿದರೂ ಕೇಳದವನು ಒಪ್ಪಿದನಲ್ಲ ಎಂದು ನಾನು ಸುಮ್ಮನಾದೆ. ಗೆದ್ದ ಎತ್ತಿನ ಬಾಲ ಹಿಡಿದು ಕಾರಣ ಕೇಳಬಾರದು.

ಅಡ್ಮಿಷನ್ ದಿನ ನಾನೂ ಹುಣಸೂರಿಗೆ ಹೋದೆ. ಒಂದು ಕಿಟಕಿಯ ಮುಂದೆ ಬಿಎಸ್ಸಿ ಕಂಪ್ಯೂಟರ್ ಸೈನ್ಸಿನ ಸಾಲು, ಪಕ್ಕದ ಕಿಟಕಿಗೆ ಬಿಕಾಂ ಸಾಲು. ಬಿಕಾಂ ಸಾಲಿನಲ್ಲಿ ಬೆರಳೆಣಿಕೆಯ ಜನ. ಕಂಪ್ಯೂಟರ್ ಸಾಲು ಗೇಟಿನವರೆಗೆ ಬಂದಿತ್ತು. ಅಪ್ಪ ಮಗಳು ಅದರ ತುದಿಯಲ್ಲಿ ನಿಂತಿದ್ದರು. ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಎಲ್ಲ ಗುರುತಿನ ಮುಖಗಳೇ.

"ನೀನು ನರ್ಸಿಂಗು ಅಂದಲ್ಲಾ!" ಎಂದ ಅಪ್ಪ.

"ನೀನು ಬಿಕಾಂ ಅಂದಲ್ಲಾ!" ಎಂದ ಮುಂದೆ ನಿಂತಿದ್ದವನು.

ಕಳ್ಳರ ಸಂತೆಯಲ್ಲಿ ಯಾರು ಯಾರನ್ನು ಹಿಡಿದುಕೊಡಬೇಕು? ಸಾಲು ಮೆಲ್ಲಗೆ ಕರಗುತ್ತಿತ್ತು, ಅದರ ಜೊತೆ ಸೀಟುಗಳೂ. ಅಪ್ಪನ ಮುಖ ಇಳಿದುಹೋಯಿತು. ಮಗಳ ಕೈ ಹಿಡಿದು, "ಬಾ ಮಗಾ, ಇದು ಕೆಟ್ಟೋಯ್ತು. ಎಲ್ಲಾ ಇದನ್ನೇ ಹಾಕವ್ರೆ, ಮೂರ್ ವರ್ಸಕ್ಕೆ ಕೇಳೋರಿರಲ್ಲ. ಬಿಕಾಂ ಸಾಲು ಖಾಲಿ ಐತೆ, ಅಲ್ಲಿಗೋಗಾವ" ಎಂದು ಎಳೆದ.

ನಾನು ಮುಂದೆ ನುಗ್ಗಿದೆ. ಬೈಯಲು ಬಾಯಿ ತೆರೆದೆ, ಆದರೆ ಬೇಕಾಗಲಿಲ್ಲ. ಹುಡುಗಿ ಕೈ ಬಿಡಿಸಿಕೊಂಡು ಅಲ್ಲೇ ನಿಂತಳು.

"ಅಪ್ಪಾ, ಶುಂಠಿ ಪರೀಕ್ಷೆ ಬರಿಯಲ್ಲ. ನಾನು ಬರೀತೀನಿ. ಎಷ್ಟ್ ಜನ ಬೇಕಾದ್ರೂ ಬರ್ಲಿ, ಮುಂದಿರೋಳು ನಾನೇ."

ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಗುಡಿಯಲ್ಲಿ ಎಲ್ಲೂ ಅವಳ ಓಟು ಲೆಕ್ಕಕ್ಕೆ ಬಂದಿರಲಿಲ್ಲ. ಈಗ ಅವಳೇ ಹೇಳಿದ್ದಳು. ಅಪ್ಪ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೀಸೆಯ ಮೇಲೆ ಕೈ ಹೋಯಿತು. ಸಾಲಿನ ಕಡೆ ತಿರುಗಿ, ಕಾಲೇಜಿಗೆಲ್ಲ ಕೇಳುವ ಹಾಗೆ ಕೂಗಿದ: "ಕೇಳ್ರಪ್ಪಾ! ನಮ್ಮುಡ್ಗಿ ಕಂಪ್ಯೂಟರ್ ಸೈನ್ಸೇ ತಕ್ಕತಾಳೆ! ಇದೇ ಸಾಲು! ಇದ್ರಂಥ ಕೋರ್ಸು ಬ್ಯಾರೆ ಇಲ್ಲ!"

ಮುಂದಿದ್ದವರಲ್ಲಿ ಗುಸುಗುಸು ಎದ್ದಿತು. "ಇವ್ನು ಇಷ್ಟು ಜೋರಾಗಿ ಏಳ್ತಾವ್ನೆ ಅಂದ್ರೆ ಇದ್ರಲ್ಲಿ ಏನೂ ಇಲ್ಲ ಕಣ್ಲಾ" ಎಂದ ಒಬ್ಬ. "ನಮ್ಮನ್ನ ಇಲ್ಲೇ ನಿಲ್ಸಿ, ತಾನು ಬಿಕಾಂಗೆ ನುಗ್ಗೋ ಪ್ಲಾನು" ಎಂದ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಒಬ್ಬೊಬ್ಬರೇ ಮಕ್ಕಳನ್ನು ಕರೆದುಕೊಂಡು ಪಕ್ಕದ ಸಾಲಿಗೆ ಜಾರಿದರು. ಆ ಮಕ್ಕಳಲ್ಲಿ ನನ್ನ ಶಿಷ್ಯರೂ ಇದ್ದರು. ಪಾಪ, ಅವರಿಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಬಿಕಾಮೇ, ನಗುನಗುತ್ತಲೇ ಹೋದರು. ಹುಡುಗಿ ಕಿಟಕಿ ಮುಟ್ಟಿದಳು, ಸೀಟು ಸಿಕ್ಕಿತು.

ಅಪ್ಪ ಬೆಪ್ಪಾಗಿ ಖಾಲಿ ಜಾಗವನ್ನೇ ನೋಡುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದ:

"ನಿಜ ಏಳುದ್ರೆ ಎಲ್ಲಿ ಜನ ನಂಬ್ಬುಡ್ತಾರೋ ಅಂತ ಇಷ್ಟ್ ವರ್ಸ ಸುಳ್ಳೇಳ್ಕಂಡು ಬಂದೆ ಮೇಡಮ್ಮೋರೆ. ಸುಮ್ಕೆ ಸುಸ್ತು ಮಾಡ್ಕಂಡೆ!"