ಅತ್ತೆಯ ಕಾಲಿಗೆ ಹತ್ತು ಹನಿ

ನನ್ನ ಸೋದರತ್ತೆ ಜೀವಮಾನದಲ್ಲಿ ಒಮ್ಮೆಯೂ ಕೂತು ಉಂಡವಳಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ. ಒಂದೆರಡು ಸಲ ಕೂತಿರಲೂಬಹುದು. ಆದರೆ ನನ್ನ ಕಣ್ಣಿಗೆ ಕಾಣುವ ಅತ್ತೆ ಎಡಗೈಯಲ್ಲಿ ತಟ್ಟೆ ಹಿಡಿದು, ಅಡುಗೆಮನೆಯಿಂದ ಹಿತ್ತಲ ಬಾಗಿಲಿನವರೆಗೆ ಓಡಾಡುತ್ತ ಮುದ್ದೆ ನುಂಗುತ್ತಿದ್ದಾಳೆ. ಲಿಂಗಪೂಜೆಯೂ ಹಾಗೆಯೇ. ಅಂಗೈ ಮೇಲಿನ ಶಿವ ದಿನಾ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ನಡುಮನೆಯನ್ನು ಸುತ್ತಿದ್ದೇ ಸುತ್ತಿದ್ದು. ಅವನಿಗೆ ತಲೆ ತಿರುಗುತ್ತಿರಲಿಲ್ಲವೆ?

"ಕೂತರೆ ಏನಾಗುತ್ತೆ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಮೂಳೆ ಒಳಗೆ ಇರುವೆ ಸಾಲು ಒಂಟಂಗಾಯ್ತದೆ ಕಣ್ಲಾ. ಎದ್ದು ಓಡಾಡಿದ್ರೆ ನಿಲ್ತವೆ. ಕುಂತ್ರೆ ಮತ್ತೆ ಒಂಟ್ವು."

ಮದುವೆಯಾಗಿ ವರ್ಷ ತುಂಬುವ ಮೊದಲೇ ಅರಕಲಗೂಡಿನ ಗಂಡನ ಮನೆಯವರು ಆಕೆಯನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟಿದ್ದರು. ಸೊಸೆಗೆ ಗಾಳಿ ಸೋಕಿದೆ, ಮಲಗಿದಲ್ಲೇ ಒದೆಯುತ್ತಾಳೆ ಎಂದು ಅವರ ದೂರು. ಅತ್ತೆ ಅದನ್ನೇ ತಮಾಷೆ ಮಾಡಿ ಹೇಳುತ್ತಿದ್ದಳು: "ನಮ್ಮತ್ತೆ ನನ್ ಮಗ್ಗುಲಲ್ಲೇ ಮಲಗಿದ್ಲು. ಒಂದು ಬಿತ್ತು ನೋಡು!"

"ನಿಜವಾಗಲೂ ಒದ್ದೆಯಾ?"

"ಕಾಲು ಒದೀತಪ್ಪ. ನಾನು ಒದ್ನಾ?"

ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅವಳೂ ನಗುತ್ತಿದ್ದಳೆ? ನಗುತ್ತಿದ್ದಳು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ.

ಆ ಕಾಲುಗಳಿಗೆ ಒಂದು ಕೆಲಸ ಹುಡುಕಿಕೊಟ್ಟವರು ನನ್ನ ಅಪ್ಪ. ಎಲ್ಲಿಂದಲೋ ಒಂದು ಹಳೆಯ ಹೊಲಿಗೆ ಯಂತ್ರ ತಂದು ಪಡಸಾಲೆಯಲ್ಲಿಟ್ಟರು. ಅಡಿಯಲ್ಲಿ ತುಳಿಯುವ ಹಲಗೆ. ಇನ್ನೇನು ಬೇಕು! ಲೋಕದ ದರ್ಜಿಗಳೆಲ್ಲ ಬಟ್ಟೆ ಹೊಲಿಯಲು ಕಾಲು ತುಳಿದರೆ, ಅತ್ತೆ ಕಾಲು ತುಳಿಯಲು ಬಟ್ಟೆ ಹೊಲಿದಳು. ಚನ್ನರಾಯಪಟ್ಟಣದಿಂದ ಕೂಡ ಹೆಂಗಸರು ರವಿಕೆಕಣ ಹಿಡಿದು ಬಸ್ಸಿನಲ್ಲಿ ಬರತೊಡಗಿದರು. 'ಗಂಡ ಬಿಟ್ಟೋಳು' ಎಂದು ಕರೆಯುತ್ತಿದ್ದ ಬೀದಿಯೇ 'ರವಿಕೆ ಅಕ್ಕ' ಎನ್ನತೊಡಗಿತು. ಆ ಹೆಸರನ್ನು ಅವಳು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಳೆಂದು ಆಮೇಲೆ ಗೊತ್ತಾಯಿತು.

ವಯಸ್ಸು ನಲವತ್ತು ದಾಟಿದ ಮೇಲೆ ಯಂತ್ರ ತುಳಿದರೂ ಇರುವೆಗಳು ನಿಲ್ಲದಾದವು. ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಡವಾಗಿರುತ್ತಿದ್ದವು. ಅಪ್ಪ ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟರು. ಮೈಸೂರಿನಿಂದ ರಜೆಗೆ ಬಂದಿದ್ದ ನಾನೂ ಜೊತೆಯಲ್ಲಿದ್ದೆ. ಬಸ್ಸಿನಲ್ಲಿ ಅತ್ತೆ ನಿಂತೇ ಇದ್ದಳು.

"ಸೀಟೈತಲ್ಲಮ್ಮ, ಕುಂತ್ಕಳಿ," ಅಂದ ಕಂಡಕ್ಟರು.

"ಚೀಲಕ್ಕೆ ಕಾಲು ನೋವಂತೆ ಕಣಪ್ಪ, ಅದು ಕುಂತೈತೆ."

ಡಾಕ್ಟರು ಎಲ್ಲ ಕೇಳಿ, "ಇದು ಗಾಳಿಯೂ ಅಲ್ಲ ದೆವ್ವವೂ ಅಲ್ಲಮ್ಮ. ಇದೊಂದು ಕಾಯಿಲೆ. ಬೇರೆಯವರಿಗೂ ಬರುತ್ತೆ," ಎಂದರು.

ಓಡಾಡುತ್ತಿದ್ದ ಅತ್ತೆ ಗಕ್ಕನೆ ನಿಂತಳು. "ಇದನ್ನ ಅರಕಲಗೂಡಿಗೆ ಬಂದು ಹೇಳ್ತೀರಾ ಸಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು.

ಬರೆದುಕೊಟ್ಟ ಔಷಧಿಯಲ್ಲಿ ಅಫೀಮಿತ್ತು. ಮಧ್ಯಾಹ್ನಕ್ಕೆ ಐದು ಹನಿ, ಸಂಜೆಗೆ ಐದು ಹನಿ, ಒಂದೂ ಹೆಚ್ಚಾಗಕೂಡದು. "ನಮ್ಮನೆ ಹೆಣ್ಣುಮಗಳು ಅಫೀಮು ತಗೋತಾಳೆ ಅಂದ್ರೆ ಊರೋರು ಏನಂದಾರು?" ಎಂದು ಅಪ್ಪ ಗೊಣಗಿದರು.

"ಊರೋರು ಬಂದು ನನ್ ಕಾಲು ಒತ್ತಾರಾ ಅಣ್ಣಯ್ಯ?" ಅಂದಳು ಅತ್ತೆ. ಅಪ್ಪ ಬಾಟಲಿಯನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರ ಇಲ್ಲದ ತಮ್ಮ ಕೊರಳಿಗೆ ಶಿವದಾರದ ಜೊತೆ ಕಟ್ಟಿಕೊಂಡರು.

ಕಾಲು ನಿಂತಿತು. ಆಹಾ, ಎಂಥ ನಿದ್ದೆ! ಅಮ್ಮ ಗಾಬರಿಯಾಗಿ ಮೂಗಿನ ಬಳಿ ಬೆರಳು ಹಿಡಿದು ನೋಡಿದರು. ಆದರೆ ಕಾಲಿನ ಜೊತೆಗೆ ಹೊಟ್ಟೆಯೂ ನಿಂತಿತು! ಹರಳೆಣ್ಣೆ, ಪರಂಗಿ ಹಣ್ಣು, ನೆನೆಸಿದ ದ್ರಾಕ್ಷಿ ಎಲ್ಲವೂ ಸಾಲಾಗಿ ಒಳಗೆ ಹೋದವು. ಹೊರಗೆ ಬರುವ ಸುದ್ದಿಯಿಲ್ಲ. "ಏನಾದ್ರೂ ಆಯ್ತಾ ಅಮ್ಮಣ್ಣಿ?" ಎಂಬುದೇ ಅಮ್ಮನ ಬೆಳಗಿನ ಮಂಗಳ ಪ್ರಶ್ನೆ. ಮೂಗು ತುರಿಸಿ ತುರಿಸಿ ಕೆಂಪಾಯಿತು. ಮಾತಿನ ನಡುವೆ ತೂಕಡಿಕೆ. "ಅತ್ತಿಗೆ, ಸಾರಿಗೆ..." ಎಂದವಳು ಕಣ್ಣು ಮುಚ್ಚಿ, ನಾವು ಊಟ ಮುಗಿಸಿ ಕೈ ತೊಳೆದ ಮೇಲೆ "...ಉಪ್ಪು ಸಾಲ್ದು" ಎನ್ನುತ್ತಿದ್ದಳು!

ಒಂದು ದಿನ ಚನ್ನರಾಯಪಟ್ಟಣದ ಗಿರಾಕಿಯೊಬ್ಬಳು ಹೊಸ ರವಿಕೆ ಬಿಡಿಸಿ ನೋಡಿ, "ಇದೇನಕ್ಕಾ, ಎರಡು ತೋಳೂ ಒಂದೇ ಕಡೆಗೆ? ನಂಗೇನು ಅಂಗೆ ಕೈ ಅವಾ?" ಎಂದಳು. ಪಡಸಾಲೆಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ರವಿಕೆಯನ್ನು ಇಸಿದುಕೊಂಡು ಹೊಲಿಗೆ ಬಿಚ್ಚತೊಡಗಿದಳು.

ಮರುದಿನವೇ ಹಾಸನಕ್ಕೆ ಹೊರಟಳು. "ಹನಿ ಇಳಿಸಿ ಸಾ."

"ಕಾಲು ಕೇಳುತ್ತೇನಮ್ಮ?"

"ಕಾಲು ಅರ್ಧ ಸುಮ್ಕಿದ್ರೆ ಸಾಕು. ತಲೆ ಪೂರ್ತಿ ಬೇಕು ನಂಗೆ."

ಮಧ್ಯಾಹ್ನದ ಹನಿ ನಿಂತು, ಸಂಜೆಯ ಐದು ಉಳಿದವು. ಅಲ್ಲಿಂದ ಮನೆಗೆ ಹೊಸ ಕಾಯಿದೆ: ಅಳತೆ, ಕತ್ತರಿ, ರವಿಕೆ ಎಲ್ಲ ಹಗಲಿಗೆ. ಹನಿ ಬಿದ್ದ ಮೇಲೆ ದಿಂಬಿನ ಚೀಲ, ಲಂಗ. ನೇರ ಹೊಲಿಗೆ ಮಾತ್ರ. ಇದನ್ನು ನಾನು ಮೈಸೂರಿನ ಗೆಳೆಯರಿಗೆಲ್ಲ ಹೇಳಿ ನಗಿಸಿದ್ದೇನೆ. ಉಳಿದರ್ಧ ಕಾಲಿನ ಸಂಕಟ ಎಲ್ಲಿಗೆ ಹೋಯಿತೆಂದು ಅವರು ಕೇಳಲಿಲ್ಲ.

ಒಂದು ಸಂಜೆ ಮಾತ್ರ ಅತ್ತೆ ಬೀರುವಿನ ಮುಂದೆ ನಿಂತು, "ಇವತ್ತು ಇನ್ನೆರಡು ಹಾಕಣ್ಣಯ್ಯ, ತಡೆಯಕ್ಕಾಗ್ತಿಲ್ಲ," ಎಂದಳು. ಅಪ್ಪ ಬಾಟಲಿಯನ್ನು ತಿರುಗಿ ಬೀರುವಿನೊಳಗೆ ಇಟ್ಟರು. ಬೀಗ ಹಾಕಿದರು. ಚಪ್ಪಲಿ ಮೆಟ್ಟಿ, "ನಡಿ, ಹೊಳೆ ತಂಕ ಹೋಗ್ಬರಾಣ," ಎಂದರು. ಆಮೇಲೆ ದಿನಾ ಸಂಜೆ ಇಬ್ಬರೂ ಹೋಗುತ್ತಿದ್ದರು. ಮಂಡಿನೋವಿನ ಅಪ್ಪ ಹಿಂದೆ, ಅತ್ತೆ ಮುಂದೆ.

ಕೆಲವು ವರ್ಷಗಳ ಮೇಲೆ ಅತ್ತೆ ಜ್ವರ ಬಂದು ತೀರಿಕೊಂಡಳು. ಯಂತ್ರದ ಸೂಜಿಯಡಿ ಯಾರದೋ ರವಿಕೆ ಇತ್ತು, ಎರಡು ತೋಳೂ ತಮ್ಮ ತಮ್ಮ ಜಾಗದಲ್ಲಿ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ, ಪದ್ಮಾಸನದಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಜಾರದ ಹಾಗೆ ಬಟ್ಟೆಯಿಂದ ಕಟ್ಟುತ್ತಾರೆ. ಅತ್ತೆಯ ಕಾಲುಗಳನ್ನು ಕಟ್ಟುವಾಗ ಹಿಂದಿನಿಂದ ಯಾರೋ, "ಬಿಗಿಯಾಗಿ ಕಟ್ಬೇಡಿ ಕಣ್ರಪ್ಪ, ಅವಳಿಗೆ ಆಗಲ್ಲ," ಎಂದರು.

ಹಾಗೆಂದದ್ದು ಅಪ್ಪನೋ ಅಮ್ಮನೋ, ಈಗ ಹೇಳಲಾರೆ. ಕಟ್ಟುತ್ತಿದ್ದವನು ಗಂಟನ್ನು ಸಡಿಲ ಮಾಡಿದ.