ಹಿಟ್ಟಣ್ಣನ ಕೂಲಿ ಏರಿದ ದಿನ

ಆ ದಿನದ ರಂಪಕ್ಕೆಲ್ಲ ಮೂಲ ಬೇಕರಿಯ ಗಾಜಿಗೆ ಅಂಟಿಸಿದ್ದ ಅಂಗೈಯಗಲದ ಒಂದು ಚೀಟಿ. ‘ಮೂಟೆ ಹೊರುವವರ ಕೂಲಿ ಏರಿರುವುದರಿಂದ ಬ್ರೆಡ್ಡಿನ ಬೆಲೆಯನ್ನು ಇಂದಿನಿಂದ ಏರಿಸಲಾಗಿದೆ. ಗ್ರಾಹಕರು ಸಹಕರಿಸಬೇಕು’ ಎಂದು ಅದರಲ್ಲಿ ದುಂಡಗೆ ಬರೆದಿತ್ತು. ‘ಹೊರುವವರ’ ಎಂದು ಬರೆದು ದೊಡ್ಡ ಪಡೆಯೇ ಇರುವಂತೆ ತೋರಿಸಿದ್ದರೂ ಆ ಬೇಕರಿಯಲ್ಲಿ ಮೂಟೆ ಹೊರುತ್ತಿದ್ದವನು ಒಬ್ಬನೇ ಒಬ್ಬ. ಅವನೇ ಹಿಟ್ಟಣ್ಣ.

ಅದು ಬೀದಿಯವರು ಇಟ್ಟ ಹೆಸರು. ಲಾರಿಯಿಂದ ಮೈದಾಹಿಟ್ಟಿನ ಮೂಟೆ ಇಳಿಸಿ, ಏಣಿಯಂಥ ಮೆಟ್ಟಿಲು ಹತ್ತಿ, ಮಹಡಿಯ ಉಗ್ರಾಣದಲ್ಲಿ ಪೇರಿಸಿ ಅವನು ಸಂಜೆ ಮನೆಗೆ ಹೊರಟರೆ ಸುಣ್ಣ ಬಳಿದ ಗೋಡೆಯೊಂದು ಎದ್ದು ನಡೆದಂತೆ ಕಾಣುತ್ತಿತ್ತು. ಕೂಲಿ ಏರಿಸಿ ಎಂದು ವರ್ಷಗಟ್ಟಲೆ ಕೇಳಿ ಬಾಯಿ ಒಣಗಿದ ಮೇಲೆ, ಹೋದ ವಾರ ಅರ್ಧ ಮೆಟ್ಟಿಲಲ್ಲಿ ಮೂಟೆ ಇಳಿಸಿ ಅದರ ಮೇಲೆಯೇ ಕೂತುಬಿಟ್ಟಿದ್ದ. ಯಜಮಾನರು ಬೇರೆ ಆಳುಗಳನ್ನು ಕರೆಸಿದರು. ಬಂದವರು ಮೆಟ್ಟಿಲು ನೋಡಿ ಬಂದ ದಾರಿ ಹಿಡಿದರು. ಕೊನೆಗೆ ಯಜಮಾನರು ಹಲ್ಲು ಕಚ್ಚಿಕೊಂಡು ಒಪ್ಪಿದರು.

ಏರಿದ ಕೂಲಿ ಎಲ್ಲಿಗೆ ಹೋಗಬೇಕು ಎಂಬುದು ಮನೆಯಲ್ಲಿ ಆಗಲೇ ನಿಶ್ಚಯವಾಗಿತ್ತು. ಅವರ ವಠಾರದಲ್ಲಿ ಕೆಳಗಿನ ಐದು ಸಂಸಾರಗಳಿಗೆ ಒಂದೇ ಬಚ್ಚಲು. ಮಹಡಿಯ ಮನೆಗೆ ಮಾತ್ರ ಸ್ವಂತ ಬಚ್ಚಲು, ಅದಕ್ಕೆ ಒಳಗಿನಿಂದ ಚಿಲಕ. ಆ ಮನೆ ಈಗ ಖಾಲಿ. “ಇವತ್ತು ಸಂಜೆಯೊಳಗೆ ಹೇಳ್ಬಿಡಪ್ಪ, ಇಲ್ದಿದ್ರೆ ಬೇರೆಯವರಿಗೆ ಕೊಡ್ತೀನಿ” ಎಂದಿದ್ದರು ಓನರಮ್ಮ. ಮದುವೆಯಾದಾಗಿನಿಂದ ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತೇ ಬೆಳಗು ಕಂಡಿದ್ದ ಹೆಂಡತಿ, “ರೀ, ಗಡ್ಡ ತೆಗೆಸ್ಕೊಂಡು ಹೋಗಿ ಮಾತಾಡಿ. ಮಹಡಿ ಮನೆ ಕೇಳೋರ ಹಾಗಾದ್ರೂ ಕಾಣ್ಬೇಕಲ್ಲ” ಎಂದು ಕಳಿಸಿದಳು.

ಕಟಿಂಗ್ ಶಾಪಿನವನು ಅರ್ಧ ಮುಖ ಬೋಳಿಸಿ, ಕತ್ತಿ ಎತ್ತಿ ಹಿಡಿದು, “ಅಂದ್ಹಾಗೆ ಇವತ್ತಿಂದ ರೇಟು ಜಾಸ್ತಿ ಕಣಣ್ಣ” ಎಂದ.

“ಯಾಕಪ್ಪ?”

“ಬ್ರೆಡ್ ಏರಿದೆಯಲ್ಲ.”

ಅದು ಆ ಬೀದಿಯ ಕಟ್ಟಳೆ. ರೇಟಿಗಾಗಿ ಬೆಳಗಾದರೆ ಕಚ್ಚಾಡಿ ಬೇಸತ್ತ ಬೀದಿಯವರು ಹಿಂದೊಮ್ಮೆ ಸಭೆ ಸೇರಿ, ಎಲ್ಲರೂ ಕೊಳ್ಳುವ ಬ್ರೆಡ್ಡನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಒಂದು ಶೇವಿಂಗಿಗೆ ಒಂದು ಬ್ರೆಡ್ಡಿನ ಬೆಲೆ. ಒಂದು ಜೊತೆ ಬಟ್ಟೆಯ ಇಸ್ತ್ರಿಗೆ ಅರ್ಧ ಬ್ರೆಡ್ಡಿನದು. ಬಾಡಿಗೆಗೂ ತಿಂಗಳಿಗೆ ಇಷ್ಟು ಬ್ರೆಡ್ಡು ಎಂದೇ ಲೆಕ್ಕ. ಬ್ರೆಡ್ಡು ಉಬ್ಬಿತೋ, ಬೀದಿಯೆಲ್ಲ ಉಬ್ಬಲೇಬೇಕು.

“ಬ್ರೆಡ್ ಏರಿದ್ದು ಯಾರಿಂದ ಅಂತ ಕೇಳಪ್ಪ ಅವನನ್ನ!” ಬೆಂಚಿನ ಮೇಲೆ ತನ್ನ ಸರದಿಗೆ ಕಾದಿದ್ದ ಇಸ್ತ್ರಿಯವನು ಗುಡುಗಿದ. “ಒಬ್ಬನ ಹೊಟ್ಟೆ ತುಂಬಿಸೋಕೆ ಬೀದಿಗೆಲ್ಲ ಬರೆ!”

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಆಫೀಸು ಗುಮಾಸ್ತರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೂಟೆ ಹೊರೋದಕ್ಕೆ ನೀನು ಯಾವ ಪರೀಕ್ಷೆ ಪಾಸು ಮಾಡಿದ್ದೀಯ? ನಾನು ಕಣ್ಣು ಕುರುಡಾಗೋ ಹಾಗೆ ಓದಿದ್ದೀನಿ. ಈಗ ನೋಡಿದ್ರೆ ನಿನ್ನ ಕೂಲಿ ನನ್ನ ಸಂಬಳದ ಪಕ್ಕಕ್ಕೆ ಬಂದು ಕೂತಿದೆ.”

ಹಿಟ್ಟಣ್ಣನ ಮೈ ಉರಿಯಿತು. “ಹಾಗಾದ್ರೆ ಬನ್ನಿ ಸಾರ್, ನೀವು ಮೂಟೆ ಹೊತ್ತು ಆ ಮೆಟ್ಟಿಲು ಹತ್ತಿ. ನಾನು ನಿಮ್ಮ ಕುರ್ಚೀಲಿ ಫ್ಯಾನ್ ಕೆಳಗೆ ಆಕಳಿಸ್ತಾ ಕೂತ್ಕೋತೀನಿ. ಸಂಜೆ ಯಾರಿಗೆ ಬೆನ್ನು ನೋಯುತ್ತೆ ನೋಡೋಣ.”

“ಮಾತು ನೋಡಿ ಇವನದು!”

“ಅಲ್ಲ ಸ್ವಾಮಿ, ಯಜಮಾನ್ರು ಹೋದ ತಿಂಗಳು ಕಾರು ತಗೊಂಡ್ರು. ಆಗ ಯಾಕೆ ಗಾಜಿಗೆ ಚೀಟಿ ಅಂಟಿಸಲಿಲ್ಲ? ‘ಯಜಮಾನರ ಕಾರಿಗಾಗಿ ಬ್ರೆಡ್ಡಿನ ಬೆಲೆ ಏರಿಸಲಾಗಿದೆ’ ಅಂತ? ಎಲ್ಲರೂ ಹೋಗಿ ಕಾರು ಮುಟ್ಟಿ ನೋಡಿ, ‘ಬಣ್ಣ ಚೆನ್ನಾಗಿದೆ’ ಅಂದು ಬಂದ್ರಲ್ಲ!”

ಕಟಿಂಗ್ ಶಾಪಿನವನು ಕತ್ತಿಯ ನೊರೆ ಒರೆಸುತ್ತ, “ಅದು ಅವರ ಸ್ವಂತ ಕಾರು ಕಣಣ್ಣ” ಎಂದ. ಗುಮಾಸ್ತರು ಅದೇ ಸರಿ ಎಂಬಂತೆ ಪೇಪರಿನ ಹಾಳೆ ತಿರುವಿದರು.

ಹಿಟ್ಟಣ್ಣ ಕುರ್ಚಿಯಿಂದ ದಡಕ್ಕನೆ ಎದ್ದ. ಹಳೆಯ ರೇಟಿನ ದುಡ್ಡನ್ನು ಕನ್ನಡಿಯ ಮುಂದೆ ಕುಕ್ಕಿ ಬೀದಿಗಿಳಿದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ. ಎಡಗಡೆಯಿಂದ ಕಂಡವರಿಗೆ ಮದುವೆಗೆ ಹೊರಟವನು, ಬಲಗಡೆಯಿಂದ ಕಂಡವರಿಗೆ ಹುಚ್ಚು ಹಿಡಿದವನು.

ಓನರಮ್ಮ ವಠಾರದ ಹೊಸ್ತಿಲಲ್ಲೇ ಕೂತು ಅವನಿಗಾಗಿ ಕಾಯುತ್ತಿದ್ದರು. “ಬಾರಪ್ಪ. ಮಹಡಿ ಮನೆ ನಿನಗೇ ಅಂತ ಇಟ್ಟಿದ್ದೀನಿ. ಆದರೆ ಬಾಡಿಗೆ ಒಂಚೂರು ಏರಿದೆ. ಕೆಳಗಿನ ಮನೆಯದೂ ಏರಿದೆ.”

“ಅಮ್ಮಾ, ನಿಮ್ಮ ಇಟ್ಟಿಗೆ ಗೋಡೆ ಬ್ರೆಡ್ ತಿನ್ನುತ್ತಾ?”

“ಗೋಡೆ ತಿನ್ನಲ್ಲಪ್ಪ, ನಾನು ತಿಂತೀನಿ.”

ಹಿಟ್ಟಣ್ಣ ಬೆರಳು ಮಡಿಸಿ ಎಣಿಸಿದ. ಏರಿದ ಕೂಲಿಯಲ್ಲಿ ಬಾಡಿಗೆ ತಿಂದದ್ದು ಹೋಗಿ, ಬ್ರೆಡ್ಡು, ಇಸ್ತ್ರಿ ತಿಂದದ್ದು ಹೋಗಿ ಉಳಿದದ್ದು ಬೆರಳುಗಳು ಮಾತ್ರ. ಇನ್ನೂ ಕೈಗೆ ಬಾರದ ದುಡ್ಡನ್ನು ಬೀದಿ ಆಗಲೇ ಹಂಚಿಕೊಂಡು ತಿಂದು ಬಾಯಿ ಒರೆಸಿಕೊಂಡಿತ್ತು.

ಅಷ್ಟರಲ್ಲಿ ಕಟಿಂಗ್ ಶಾಪಿನವನು, ಇಸ್ತ್ರಿಯವನು, ಗುಮಾಸ್ತರು ಮೂವರೂ ಅಲ್ಲಿಗೇ ಬಂದರು. ಗುಮಾಸ್ತರು ಗಂಟಲು ಸರಿಮಾಡಿಕೊಂಡರು. “ನೋಡಪ್ಪ, ನಾವೂ ಮನುಷ್ಯರೇ. ನೀನು ಆ ಏರಿಸಿದ ಕೂಲಿ ಬಿಟ್ಟುಬಿಡು. ಬ್ರೆಡ್ ಇಳಿಯುತ್ತೆ. ಬ್ರೆಡ್ ಇಳಿದ ತಕ್ಷಣ ನಾವೆಲ್ಲ ಇಳಿಸ್ತೀವಿ. ನಿನಗೇನೂ ನಷ್ಟ ಇಲ್ಲ.”

“ನಷ್ಟ ಇಲ್ಲ, ಸರಿ. ಬಚ್ಚಲು?”

ಓನರಮ್ಮನಿಗೆ ಏನನ್ನಿಸಿತೋ, “ಬ್ರೆಡ್ ಇಳಿದ್ರೆ ಮಹಡಿ ಮನೇನ ಕೆಳಗಿನ ಮನೆ ಬಾಡಿಗೆಗೇ ಕೊಡ್ತೀನಿ. ಆಣೆ!” ಎಂದುಬಿಟ್ಟರು.

ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಡತಿಯ ಕಿವಿಗೂ ಅದು ಬಿತ್ತು. ಅವಳು ಅವನನ್ನು ಪಕ್ಕಕ್ಕೆ ಎಳೆದಳು. “ರೀ, ಇವರೆಲ್ಲ ಏರಿಸುವಾಗ ನಿಮ್ಮನ್ನ ಕೇಳಿದ್ರಾ? ಇಳಿಸುವಾಗ ಮಾತ್ರ ನೀವೇ ಮೊದಲು ಇಳೀಬೇಕಾ?”

“ಆಣೆ ಇಟ್ಟಿದ್ದಾರೆ ಕಣೇ.”

“ಆಣೆಗೇನು ಬ್ರೆಡ್ ಲೆಕ್ಕ ಇಲ್ಲವಲ್ಲ, ಪುಕ್ಕಟೆ” ಎಂದು ಗೊಣಗಿದಳು. ಆದರೆ ಕಣ್ಣು ಮಾತ್ರ ಮಹಡಿಯ ಕಡೆಗೇ ಇತ್ತು. ಹಿಟ್ಟಣ್ಣ ಅದನ್ನು ನೋಡಿದ. ಅಷ್ಟೇ ಸಾಕಾಯಿತು.

ಎಲ್ಲರೂ ಮೆರವಣಿಗೆಯಂತೆ ಬೇಕರಿಗೆ ಹೋದರು. ಹಿಟ್ಟಣ್ಣ ಕಣ್ಣು ಮುಚ್ಚಿಕೊಂಡು, “ಯಜಮಾನ್ರೇ, ನನಗೆ ಹಳೇ ಕೂಲೀನೇ ಸಾಕು” ಎಂದ.

ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಅವನ ನೊರೆ ಒಣಗಿದ ಕೆನ್ನೆ ಸವರಿದರು. “ಆಹಾ! ಈ ಕಾಲದಲ್ಲಿ ಇಂಥ ಮನಸ್ಸು! ಆಯ್ತಪ್ಪ, ನಿನ್ನ ಮಾತಿಗೆ ನಾನು ಅಡ್ಡ ಬರಲ್ಲ.”

“ಹಾಗಾದ್ರೆ ಬ್ರೆಡ್ ಹಳೇ ಬೆಲೆಗೆ ಬಂತು ತಾನೆ?” ಎಂದ ಇಸ್ತ್ರಿಯವನು.

“ಅದು ಹೇಗಯ್ಯಾ ಆಗುತ್ತೆ?” ಯಜಮಾನರಿಗೆ ನಿಜವಾಗಿಯೂ ನೋವಾದಂತಿತ್ತು. “ಬೆಳಿಗ್ಗೆ ನನ್ನ ಶೇವಿಂಗಿಗೆ ಇವನು ಜಾಸ್ತಿ ತಗೊಂಡ. ಶರ್ಟು ಇಸ್ತ್ರಿಗೆ ನೀನು ಜಾಸ್ತಿ ತಗೊಂಡೆ. ಈ ಕಟ್ಟಡ ಅಮ್ಮಾವ್ರದ್ದೇ. ಬಾಡಿಗೆ ಏರಿಸಿದ್ದೀನಿ ಅಂತ ಆಗಲೇ ಹೇಳಿಕಳಿಸಿದ್ದಾರೆ. ಬೀದೀಲಿ ಎಲ್ಲಾ ಏರಿರುವಾಗ ನಾನೊಬ್ಬ ಹಳೇ ಬೆಲೆಗೆ ಮಾರಿದ್ರೆ ನನ್ನ ಗತಿ? ನೀವು ಮೊದಲು ಇಳಿಸಿ.”

“ಬ್ರೆಡ್ ಇಳೀದೆ ನಾವು ಹೇಗೆ ಇಳಿಸೋದು? ಕಟ್ಟಳೆ ಇದೆಯಲ್ಲ!” ಎಂದ ಕಟಿಂಗ್ ಶಾಪಿನವನು.

“ಹೌದಲ್ಲ, ಕಟ್ಟಳೆ” ಎಂದರು ಓನರಮ್ಮ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದೂ ತಪ್ಪಿಲ್ಲ ಎಂಬುದು ಎಲ್ಲರಿಗೂ ಖಚಿತವಾಯಿತು. ಮನಸ್ಸು ಹಗುರವಾಯಿತು. ಇಸ್ತ್ರಿಯವನು ಆಕಳಿಸಿದ.

“ಅಮ್ಮಾ, ಮಹಡಿ ಮನೆ?” ಹಿಟ್ಟಣ್ಣನ ದನಿ ಅವನಿಗೇ ಕೇಳಿಸಲಿಲ್ಲ.

“ಬ್ರೆಡ್ ಇಳಿದ್ರೆ ಅಂದಿದ್ದೆನಪ್ಪ. ಇಳೀಲಿಲ್ಲವಲ್ಲ. ಹೊಸ ಬಾಡಿಗೆ ಕೊಡೋಕೆ ನಿನ್ನ ಕೂಲಿ ಎಲ್ಲಿ ಸಾಲುತ್ತೆ? ಕೆಳಗಿನ ಮನೆಗೇ ಸಾಲುತ್ತೋ ಇಲ್ಲವೋ” ಎಂದು ಓನರಮ್ಮ ಲೊಚಗುಟ್ಟಿದರು.

ಗುಮಾಸ್ತರ ಕರುಳು ಚುರುಕ್ ಎಂದಿತು. ಹಿಟ್ಟಣ್ಣನ ಹೆಗಲ ಮೇಲೆ ಕೈಯಿಟ್ಟು, “ಅಲ್ಲಯ್ಯಾ, ಇಂಥ ಬೆಲೆಗಳಲ್ಲಿ ಆ ಹಳೇ ಕೂಲಿ ಇಟ್ಕೊಂಡು ಸಂಸಾರ ಮಾಡೋದು ಹೇಗೆ? ಇದು ಅನ್ಯಾಯ. ಧೈರ್ಯವಾಗಿ ಕೇಳು, ಕೂಲಿ ಏರಿಸಿ ಅಂತ” ಎಂದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು.

ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವರು ಯಜಮಾನರು. “ಕೇಳಪ್ಪ, ಬಾಯಿಬಿಟ್ಟು ಕೇಳು” ಎಂದರು ಅಕ್ಕರೆಯಿಂದ. “ನಾನೇನು ಕಟುಕನಾ? ಬ್ರೆಡ್ ಮೇಲೆ ಹಾಕಿದ್ರಾಯ್ತು.”